ಐದರಲ್ಲೊಂದು ಪಾಲು ನೀರು

ತುಮಕೂರಿನ ಶಿರಾ ಗೇಟಿನ ಟೈರ್ ಅಂಗಡಿಯ ಮೇಲಿರುವ ಆ ಕೋಚಿಂಗ್ ಸೆಂಟರಿನಲ್ಲಿ ಬೋರ್ಡಿನ ತೀರಾ ಮೇಲಿನ ಅಂಚಿನಿಂದ ಬರೆಯಲು ಶುರು ಮಾಡುವವನು ಸಂಗಮೇಶ ಒಬ್ಬನೇ. ಬೇರೆ ಮೇಷ್ಟ್ರುಗಳಿಗೆ ಅಲ್ಲಿಗೆ ಕೈ ಎಟುಕುವುದಿಲ್ಲ. ಆರಡಿ ದಾಟಿದ ಆಳು, ಅದಕ್ಕೆ ತಕ್ಕ ಹೆಗಲು, ಕೊನೆಯ ಬೆಂಚಿನಲ್ಲಿ ತೂಕಡಿಸುವವನನ್ನೂ ಎಬ್ಬಿಸಿ ಕೂರಿಸುವ ದನಿ. ಸತ್ಯಮಂಗಲದ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮುಗಿಸಿ ಬರುವ ಹುಡುಗರು, ಕುಣಿಗಲ್ಲಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುವ ಹುಡುಗಿಯರು, ಎಲ್ಲರೂ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರು, ಗಣಿತವೆಂದರೆ ಜ್ವರ ಬರುವವರು. ಆ ಜ್ವರ ಬಿಡಿಸುವುದು ಸಂಗಮೇಶನ ಕಸುಬು. ಅದರಲ್ಲಿ ಅವನು ಪಳಗಿದವನು ಎಂಬುದನ್ನು ಅವನನ್ನು ಕಂಡರಾಗದವರೂ ಒಪ್ಪುತ್ತಾರೆ.

ಅವನ ಮದ್ದು ಬಹಳ ಸರಳ. ಲೆಕ್ಕದೊಳಗೆ ಮನುಷ್ಯರನ್ನು ತಂದು ಕೂರಿಸುತ್ತಾನೆ. ಪುಸ್ತಕದಲ್ಲಿ ‘ಒಬ್ಬ ವ್ಯಾಪಾರಿ’ ಎಂದಿದ್ದರೆ ಅವನ ಬಾಯಲ್ಲಿ ಅದು ಬೆಟ್ಟಯ್ಯ. ಬೆಟ್ಟಯ್ಯ ಎರಡು ತರದ ಅಕ್ಕಿ ಬೆರೆಸಿ ಮಾರುತ್ತಾನೆ, ಡಿಸ್ಕೌಂಟ್ ಕೊಟ್ಟೂ ಲಾಭ ಮಾಡುತ್ತಾನೆ, ಆಗಾಗ ಮಣ್ಣು ಮುಕ್ಕುತ್ತಾನೆ. ಆದರೆ ಹಾಲಿಗೆ ನೀರು ಬೆರೆಸುವ ಲೆಕ್ಕ ಬಂದರೆ ಬೆಟ್ಟಯ್ಯ ಪಕ್ಕಕ್ಕೆ ಸರಿಯಬೇಕು. ಅಲ್ಲಿ ಯಾವಾಗಲೂ ಕಲ್ಲಮ್ಮನೇ.

“ನಮ್ ಗುಬ್ಬಿ ಕಲ್ಲಮ್ಮ ಏನಂತಾಳೆ? ಹಾಲನ್ನ ಅಸಲು ರೇಟಿಗೇ ಮಾರ್ತೀನಿ, ಒಂದ್ ಪೈಸೆ ಜಾಸ್ತಿ ಇಲ್ಲ ಅಂತಾಳೆ. ಆದ್ರೂ ಇಪ್ಪತ್ತೈದು ಪರ್ಸೆಂಟ್ ಲಾಭ. ಎಲ್ಲಿಂದ ಬಂತು?”

“ನೀರಿಂದ ಸರ್,” ಎಂದು ಇಡೀ ಕ್ಲಾಸು.

“ಎಷ್ಟು ನೀರು?”

“ಐದ್ರಲ್ಲಿ ಒಂದು ಪಾಲು ಸರ್.”

“ಹಾಲು ನಾಲ್ಕು, ನೀರು ಒಂದು. ಕಲ್ಲಮ್ಮ ಸಿಕ್ಕಾಕೊಂಡ್ಲು.”

ಆ ಕೊನೆಯ ಮಾತಿಗೆ ಅವನು ಬೋರ್ಡಿನ ಮೇಲೆ ಚಾಕ್‌ಪೀಸಿನಿಂದ ಟಕ್ಕನೆ ಕುಟ್ಟುತ್ತಿದ್ದ, ಕ್ಲಾಸು ಗೊಳ್ಳೆನ್ನುತ್ತಿತ್ತು. ಸೆಂಟರಿನ ಮಾಲೀಕ ತಿಮ್ಮೇಶ್ ಒಂದು ದಿನ ಅದನ್ನು ಮೊಬೈಲಿನಲ್ಲಿ ಹಿಡಿದು ನೆಟ್ಟಿಗೆ ಹಾಕಿದ. ಯಾರೋ ಅದರ ತಲೆ ಬಾಲ ಕತ್ತರಿಸಿ, ಹಿಂದೆ ತಮಟೆ ಸದ್ದು ಸೇರಿಸಿ ಬಿಟ್ಟರು. ಆಮೇಲೆ ಅದು ಎಲ್ಲಿ ಹೋಯಿತು ಎಂದು ಕೇಳಬೇಡಿ, ಎಲ್ಲಿಗೆ ಹೋಗಲಿಲ್ಲ ಎಂದು ಕೇಳಿ. ಸಂಗಮೇಶ ಉಬ್ಬಿಹೋದ. ಸಂತೆಯಲ್ಲಿ ಗುರುತು ಹಿಡಿದು ‘ಕಲ್ಲಮ್ಮ ಮೇಷ್ಟ್ರು’ ಎಂದವರಿಗೆ ನಿಂತು ಸೆಲ್ಫಿ ಕೊಟ್ಟ.

ಈ ಕಲ್ಲಮ್ಮ ಯಾರು ಎನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಸಂಗಮೇಶ ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲಿ, ಪೇಟೆಯ ಹಿಂದಿನ ಬೀದಿಯ ಬಾಡಿಗೆ ಮನೆಯಲ್ಲಿ. ಅಪ್ಪ ಬೇಗ ಹೋಗಿಬಿಟ್ಟಿದ್ದ. ತಾಯಿ ಲಕ್ಷ್ಮೀದೇವಮ್ಮ ಕೊಬ್ಬರಿ ಮಂಡಿಯಲ್ಲಿ ಕಾಯಿ ಒಡೆದು ಮಗನನ್ನು ಸಾಕಿದಳು. ಎದುರು ಮನೆಯೇ ಕಲ್ಲಮ್ಮನದು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಸೊಂಟದ ಮೇಲೆ ಹಾಲಿನ ಕ್ಯಾನು. ಕಲ್ಲಮ್ಮನ ಹಾಲೆಂದರೆ ಬೀದಿಯವರು ಕಣ್ಣು ಮುಚ್ಚಿ ಪಾತ್ರೆ ಒಡ್ಡುತ್ತಿದ್ದರು. ಸಂಗಮೇಶ ಡಿಗ್ರಿ ಓದುವಾಗ ಆ ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತ, ಮೊದಲ ಸಲ ಹಾಲುನೀರಿನ ಲೆಕ್ಕಕ್ಕೆ ಅವಳ ಹೆಸರಿಟ್ಟ. ಮಕ್ಕಳು ಬಿದ್ದು ಬಿದ್ದು ನಕ್ಕವು. ನೀರು ಹಾಕುವವಳು ಕಲ್ಲಮ್ಮ ಎಂದರೆ ಗುಬ್ಬಿಯಲ್ಲಿ ಅದಕ್ಕಿಂತ ದೊಡ್ಡ ತಮಾಷೆ ಇರಲಿಲ್ಲ, ಯಾಕೆಂದರೆ ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ಅವನು ತುಮಕೂರಿಗೆ ಬಂದ. ಕುಣಿಗಲ್ಲಿನ ಅರುಣಾಳನ್ನು ಮದುವೆಯಾದ. ತಾಯಿ ತೀರಿಕೊಂಡ ಮೇಲೆ ಗುಬ್ಬಿಯ ಕಡೆ ಹೋಗುವುದೇ ನಿಂತಿತು. ಲೆಕ್ಕ ಅವನ ಜೊತೆ ಬಂತು, ಅದು ಸುಳ್ಳೆಂದು ಬಲ್ಲವರು ಮಾತ್ರ ಗುಬ್ಬಿಯಲ್ಲೇ ಉಳಿದರು. ಇಷ್ಟು ಬುದ್ಧಿವಂತನಿಗೆ ಅದು ಹೊಳೆಯಲೇ ಇಲ್ಲ ನೋಡಿ.

ಅದು ಹೊಳೆಯುವಂತೆ ಮಾಡಿದವಳು ಮೋನಿಕಾ, ಕುಣಿಗಲ್ಲಿನಿಂದ ಬರುವ ಹುಡುಗಿ. ಒಂದು ಮಧ್ಯಾಹ್ನ ಕ್ಲಾಸಿನ ನಡುವೆ ಅನುಮಾನ ಕೇಳುವ ಹೊತ್ತಿನಲ್ಲಿ ಕೈ ಎತ್ತಿದಳು.

“ಸರ್, ಆ ಕಲ್ಲಮ್ಮ ನಿಜವಾಗ್ಲೂ ಇದಾರಂತಲ್ಲ.”

“ಇದಾರಮ್ಮ. ಯಾಕೆ?”

“ನಮ್ ಚಿಕ್ಕಮ್ಮನ್ನ ಗುಬ್ಬಿಗೆ ಕೊಟ್ಟಿರೋದು ಸರ್. ಅವ್ರ ಬೀದಿಗೆ ಅವ್ರೇ ಹಾಲು ಹಾಕ್ತಿದ್ರಂತೆ. ನಿಮ್ ವಿಡಿಯೋ ನೋಡಿದ್ಮೇಲೆ ಎಲ್ರೂ ಬಿಡಿಸ್ಬಿಟ್ರಂತೆ. ಈಗ ಪ್ಯಾಕೆಟ್ ತರ್ತಾರೆ. ಎಷ್ಟು ವರ್ಷದಿಂದ ಮೋಸ ಮಾಡ್ತಿದ್ರೋ ಏನೋ, ನಿಮ್ಮಿಂದ ಗೊತ್ತಾಯ್ತು ಅಂತ ಚಿಕ್ಕಮ್ಮ ಥ್ಯಾಂಕ್ಸ್ ಹೇಳು ಅಂದ್ರು ಸರ್.”

ಹುಡುಗಿ ತಮಾಷೆ ಮಾಡುತ್ತಿದ್ದಾಳೇನೋ ಎಂದು ಸಂಗಮೇಶ ಅವಳ ಮುಖ ನೋಡಿದ. ತಮಾಷೆಯಲ್ಲ, ಅವಳ ಮುಖದಲ್ಲಿ ಮೆಚ್ಚುಗೆ ಇತ್ತು. ಕ್ಲಾಸಿನ ಹಿಂದಿನಿಂದ ಯಾವನೋ “ಕಲ್ಲಮ್ಮ ಸಿಕ್ಕಾಕೊಂಡ್ಲು” ಎಂದ. ಎಲ್ಲರೂ ನಕ್ಕರು. ಸಂಗಮೇಶ ಅರ್ಧ ಬರೆದ ಲೆಕ್ಕವನ್ನು ಬೋರ್ಡಿನ ಮೇಲೇ ಬಿಟ್ಟು, ತಿಮ್ಮೇಶನಿಗೆ ಕೈ ಸನ್ನೆ ಮಾಡಿ ಮೆಟ್ಟಿಲಿಳಿದು, ಬೈಕ್ ಹತ್ತಿ ಗುಬ್ಬಿ ರಸ್ತೆ ಹಿಡಿದ.

ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡ. ಎಲ್ಲೋ ಏನೋ ತಪ್ಪಾಗಿ ಕೇಳಿಸಿಕೊಂಡಿದ್ದಾಳೆ. ಹಾಗೇನಾದರೂ ಆಗಿದ್ದರೂ ಒಂದು ವಿಡಿಯೋ ಮಾಡಿ, ಆಣೆ ಇಟ್ಟು, ಕಲ್ಲಮ್ಮ ತನ್ನ ಜನ್ಮದಲ್ಲಿ ಹಾಲಿಗೆ ಒಂದು ಹನಿ ನೀರು ಹಾಕಿದವಳಲ್ಲ ಎಂದು ಹೇಳಿದರಾಯಿತು. ಹತ್ತು ನಿಮಿಷದ ಕೆಲಸ. ಹೀಗೆ ಯೋಚಿಸುತ್ತಿದ್ದಂತೆ ಸ್ವಲ್ಪ ಧೈರ್ಯ ಬಂತು.

ಬೀದಿಯ ತಿರುವಿನಲ್ಲಿ ಮೊದಲು ಸಿಗುವುದು ಮಹಾಲಿಂಗಯ್ಯನ ಮನೆ. ಪೋಸ್ಟಾಫೀಸಿನಲ್ಲಿದ್ದು ರಿಟೈರಾದವರು, ಹತ್ತು ಮಂದಿ ಮಾತು ಕೇಳುವ ಹಿರಿಯರು. ಜಗಲಿಯ ಮೇಲೆ ಕೂತಿದ್ದವರು ಇವನನ್ನು ಕಂಡದ್ದೇ ಎದ್ದು ನಿಂತರು.

“ಬನ್ನಿ ಮೇಷ್ಟ್ರೇ. ನಿಮ್ಮಿಂದ ನಮ್ ಬೀದಿಗೇ ಉಪಕಾರ ಆಯ್ತು.”

“ಯಜಮಾನ್ರೆ, ಅದು ಲೆಕ್ಕ. ಪುಸ್ತಕದ್ದು. ಸುಮ್ನೆ ಒಂದು ಹೆಸರು ಹಾಕ್ದೆ.”

“ಲೆಕ್ಕ ಅಂತ ನಾನೂ ಹೇಳ್ತಿರೋದು. ಬಾಯಿ ಮಾತಾಗಿದ್ರೆ ನಂಬ್ತಿರ್ಲಿಲ್ಲ. ಐದ್ರಲ್ಲಿ ಒಂದು ಪಾಲು ಅಂತ ನೀವು ಬರ್ದೇ ತೋರ್ಸಿದೀರ. ನಾನೂ ಕೂತ್ಕೊಂಡು ಮಾಡ್ನೋಡ್ದೆ, ಸರ್ಯಾಗೇ ಬಂತು.”

ಸಂಗಮೇಶ ದಂಗಾಗಿ ನಿಂತ. ಆ ಲೆಕ್ಕಕ್ಕೆ ಉತ್ತರ ಸರಿಯಾಗಿ ಬಂದದ್ದರಿಂದ ಕಲ್ಲಮ್ಮ ಕಳ್ಳಿ! ಇಂಥ ವಾದವನ್ನು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಲೆಕ್ಕ ಸರಿಯಿದ್ದರೆ ಅದರೊಳಗಿನ ಮನುಷ್ಯರೂ ನಿಜ ಎಂದು ಜನ ನಂಬುತ್ತಾರೆ ಎನ್ನುವುದು ಇಷ್ಟು ವರ್ಷ ಪಾಠ ಹೇಳಿದವನಿಗೆ ಗೊತ್ತಿರಲಿಲ್ಲ.

“ಅವ್ಳು ಯಾವತ್ತೂ ನೀರು ಹಾಕ್ದೋಳಲ್ಲ ಯಜಮಾನ್ರೆ. ನಾನ್ ಹೇಳ್ತೀನಲ್ಲ.”

“ಈಗ ಕರುಣೆಯಿಂದ ಹೇಳ್ತಿದೀರ. ನೀವು ಎದುರು ಮನೇಲೇ ಬೆಳ್ದೋರು. ನಿಮಗಿಂತ ಚೆನ್ನಾಗಿ ಯಾರಿಗ್ ಗೊತ್ತಿರುತ್ತೆ, ಹೇಳಿ? ಅದಕ್ಕೇ ಎಲ್ರೂ ನಂಬಿದ್ದು.”

ಅಲ್ಲಿ ಇನ್ನು ನಿಲ್ಲಲಾಗಲಿಲ್ಲ. ಕಲ್ಲಮ್ಮನ ಮನೆಯ ಮುಂದೆ ಎರಡು ಗೂಟವಿದ್ದವು, ಹಸು ಒಂದೇ ಇತ್ತು. ಕ್ಯಾನನ್ನು ತೊಳೆದು ಗೋಡೆಗೆ ಬೋರಲು ಹಾಕಿದ್ದಳು. ಎಪ್ಪತ್ತು ದಾಟಿದ ಮುದುಕಿ ಹಸುವಿಗೆ ಬೂಸಾ ಕಲಸುತ್ತಿದ್ದವಳು ತಲೆ ಎತ್ತಿ ನೋಡಿದಳು. ಇವನ ಉದ್ದಕ್ಕೆ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ.

“ಸಂಗಣ್ಣನಾ? ಬಾಪ್ಪ, ಬಗ್ಗಿ ಬಾ, ಬಾಗ್ಲು ತಲೆಗೆ ಹೊಡ್ದಾತು.”

ಬೈಯುತ್ತಾಳೆಂದು ಬಂದಿದ್ದ. ಬೈದಿದ್ದರೆ ಚೆನ್ನಾಗಿತ್ತು. ಅವಳು ಚಾಪೆ ಹಾಸಿ, ಕಾಫಿಗೆ ಇಟ್ಟಳು. ಬಾಗಿಲಿನಾಚೆ ಎರಡು ಮಕ್ಕಳು ಓಡಿಹೋಗುತ್ತಾ ತಮಟೆಯ ಗತ್ತಿನಲ್ಲಿ “ಕಲ್ಲಮ್ಮ ಸಿಕ್ಕಾಕೊಂಡ್ಲು” ಎಂದು ಕೂಗಿದವು. ಅವನದೇ ರಾಗ, ಅವನದೇ ಮಾತು. ಸಂಗಮೇಶನಿಗೆ ನಾಚಿಕೆಯಿಂದ ಕಿವಿ ಸುಟ್ಟಂತಾಯಿತು.

“ದಿನಾ ಕೂಗ್ತಾವೆ,” ಎಂದಳು ಕಲ್ಲಮ್ಮ. “ಮಕ್ಳು ಬುಡು.”

“ದೊಡ್ಡಮ್ಮ, ನನ್ನಿಂದ ದೊಡ್ಡ ತಪ್ಪಾಯ್ತು. ತಮಾಷೆಗೆ ನಿನ್ ಹೆಸರು ಹೇಳ್ತಿದ್ದೆ. ನಾಳೇನೇ ವಿಡಿಯೋ ಮಾಡಿ ಹಾಕ್ತೀನಿ. ನೀನು ಜನ್ಮದಲ್ಲಿ ನೀರು ಹಾಕ್ದೋಳಲ್ಲ ಅಂತೀನಿ.”

ಅವಳು ಒಲೆಯ ಕಡೆ ತಿರುಗಿದಳು.

“ಈಗ ಹಾಲು ಡೈರಿಗೆ ತಾನೇ ಹಾಕ್ತಿರೋದು? ಅಲ್ಲಿ ಟೆಸ್ಟ್ ಮಾಡ್ತಾರೆ. ಅದನ್ನೂ ತೋರ್ಸೋಣ. ನಿನ್ ಹಾಲು ಹೆಂಗಿದೆ ಅಂತ ಜನಕ್ಕೆ ಗೊತ್ತಾಗ್ಲಿ.”

“ಇವತ್ತಿನ ಹಾಲಿಗೆ ತೋರಿಸ್ಬೋದು. ಅವತ್ತಿನ ಹಾಲಿಗೆ ಏನ್ ತೋರಿಸ್ತೀಯ?”

“ಯಾವತ್ತಿನ ಹಾಲು?”

ಕಲ್ಲಮ್ಮ ಕಾಫಿ ಲೋಟ ಅವನ ಮುಂದಿಟ್ಟು, ಎದುರಿಗೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅವನು ಈ ಜನ್ಮದಲ್ಲಿ ಮರೆಯಲಾಗದ ಮಾತೊಂದನ್ನು ಬಲು ಮೆಲ್ಲಗೆ ಕೇಳಿದಳು.

“ನಿಂಗೆ ಹೆಂಗ್ ಗೊತ್ತಾಯ್ತು ಮಗ? ನಾನು ಯಾರ್ಗೂ ಹೇಳಿರ್ಲಿಲ್ಲ. ನಿಮ್ಮವ್ವುಂಗೂ ಹೇಳಿರ್ಲಿಲ್ಲ. ಐದ್ರಲ್ಲಿ ಒಂದು ಪಾಲು ಅಂತ ಅಷ್ಟು ಸರ್ಯಾಗಿ ಹೆಂಗಪ್ಪ ಕಂಡ್ಹಿಡ್ದೆ?”

ಸಂಗಮೇಶನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕೂತ ನೆಲ ಕುಸಿದಂತಾಯಿತು. ಕಲ್ಲಮ್ಮ ನೀರು ಹಾಕಿದ್ದಳೇ? ಕಲ್ಲಮ್ಮನೇ? ಊರು ಕೇರಿಯೆಲ್ಲ ಹೇಳಿದರೂ ನಂಬದವನು ಅವಳ ಬಾಯಿಂದಲೇ ಕೇಳಿಸಿಕೊಂಡು ಪೆಚ್ಚಾಗಿ ಕೂತ. ಪುಸ್ತಕದಲ್ಲಿ ಆ ಲೆಕ್ಕಕ್ಕೆ ಇರುವ ಉತ್ತರವೇ ಅದು, ಎಲ್ಲ ಪರೀಕ್ಷೆಗಳಲ್ಲೂ ಬರುವ ಸವಕಲು ಉತ್ತರ ಎಂದು ಅವಳಿಗೆ ಹೇಗೆ ಹೇಳುವುದು?

“ನೀನು ಎರಡನೇ ಕ್ಲಾಸಲ್ಲಿದ್ದಾಗ ಟೈಫಾಯಿಡ್ ಬಂದಿತ್ತಲ್ಲ,” ಎಂದಳು ಕಲ್ಲಮ್ಮ. “ಕಡ್ಡಿ ಆಗೋಗಿದ್ದೆ. ಡಾಕ್ಟ್ರು ದಿನಾ ಹಾಲು ಕುಡ್ಸಿ, ಇಲ್ದಿದ್ರೆ ಹುಡ್ಗ ಏಳಲ್ಲ ಅಂದ್ರು. ನಿಮ್ಮವ್ವ ಬಂದು, ಕಲ್ಲಕ್ಕ ನಾಳೆಯಿಂದ ಹಾಲು ಬ್ಯಾಡ ಅಂದ್ಲು. ದುಡ್ಡು ಕೊಡೋಕಾಗಲ್ಲ ಅನ್ನೋಕೆ ಅವಳ್ಗೆ ಮಾನ. ನಾನು, ಹಸು ಜಾಸ್ತಿ ಕರೀತೈತೆ ಕಣಮ್ಮಿ, ಮಿಕ್ಕಿದ್ದು ಚೆಲ್ಲೋ ಬದ್ಲು ನಿನ್ ಮಗಂಗೆ ಕುಡ್ಸು ಅಂದೆ.”

“ಜಾಸ್ತಿ ಕರೀತಿರ್ಲಿಲ್ವಾ?”

“ಎಲ್ಲಿ ಜಾಸ್ತಿ? ಸಾಯಂಕಾಲ ಎರಡೂವರೆ ಲೀಟ್ರು. ಐದು ಮನೆಗೆ ಅರ್ಧರ್ಧ ಲೀಟ್ರು, ಸರ್ಯಾಗಿ ಮುಗ್ದೋಗೋದು. ನಿಂಗೆ ಅರ್ಧ ಲೀಟ್ರು ತೆಗ್ದಿಟ್ರೆ ಎರಡೇ ಉಳೀತಿತ್ತು. ಅರ್ಧ ಲೀಟ್ರು ನೀರು ಹಾಕ್ತಿದ್ದೆ. ಹಾಕೋವಾಗ ಕೊರಳಲ್ಲಿರೋ ಲಿಂಗಾನ ಸೆರಗಲ್ಲಿ ಮುಚ್ಕೊಂತಿದ್ದೆ. ನೀನು ಎದ್ದು ಓಡಾಡೋ ವರ್ಗೂ ಹಂಗೇ ಮಾಡ್ದೆ. ಆಮೇಲೆ ಬುಟ್ಟೆ. ನೋಡ್ದೋರು ಯಾರೂ ಇಲ್ಲ ಅಂದ್ಕೊಂಡಿದ್ದೆ.”

ಸಂಗಮೇಶನ ತಲೆಯೊಳಗೆ, ಅವನು ಬೇಡವೆಂದರೂ, ಲೆಕ್ಕ ನಡೆಯುತ್ತಿತ್ತು. ಎರಡು ಲೀಟರ್ ಹಾಲು, ಅರ್ಧ ಲೀಟರ್ ನೀರು. ನಾಲ್ಕಕ್ಕೆ ಒಂದು. ಸಾವಿರ ಸಲ ಬೋರ್ಡಿನ ಮೇಲೆ ಬರೆದು ನಗಿಸಿದ ಅದೇ ಅನುಪಾತ. ಅದರೊಳಗೆ ಎಲ್ಲೋ ಒಂದು ಮೂಲೆಯಲ್ಲಿ ತಾನೇ ಕೂತಿದ್ದ, ಮೂಳೆ ಚಕ್ಕಳವಾಗಿ, ತುಟಿಯ ಮೇಲೆ ಹಾಲಿನ ಗೆರೆ ಎಳೆದುಕೊಂಡು. ಅವನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅತ್ತುಬಿಟ್ಟ. ಕಲ್ಲಮ್ಮ ಅಳಬೇಡ ಎನ್ನಲಿಲ್ಲ.

ಕಣ್ಣೊರೆಸಿಕೊಂಡು, “ಇದು ಯಾರಿಗೂ ಗೊತ್ತಿಲ್ವಲ್ಲ ದೊಡ್ಡಮ್ಮ,” ಎಂದ. “ನಂಗೂ ಗೊತ್ತಿರ್ಲಿಲ್ಲ. ನಾನು ಹೇಳಿದ್ದು ಬರೀ ಪುಸ್ತಕದ ಲೆಕ್ಕ. ನಾಳೆ ವಿಡಿಯೋ ಮಾಡಿ, ನೀನು ಯಾವತ್ತೂ ಹಾಕಿಲ್ಲ ಅಂದ್ಬಿಡ್ತೀನಿ. ನಿನ್ ಹೆಸರು ವಾಪಸ್ ಬರುತ್ತೆ.”

ಅವನಿಗೆ ಏನೂ ಗೊತ್ತಿರಲಿಲ್ಲ ಎಂದು ಕೇಳಿ ಈಗ ಬೆಚ್ಚುವ ಸರದಿ ಕಲ್ಲಮ್ಮನದಾಯಿತು. ತಾನಾಗಿ ಬಾಯಿ ಬಿಟ್ಟದ್ದಕ್ಕೆ ಒಂದು ಗಳಿಗೆ ಅವನನ್ನೇ ನೋಡಿದಳು. ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೆಂಗಸಲ್ಲ ಅವಳು.

“ಸುಳ್ಳು ಹೇಳಿ ನನ್ ಹೆಸ್ರು ತರ್ಬ್ಯಾಡ. ಆ ಐದು ಮನೆಯೋರು ದುಡ್ಡು ಕೊಟ್ಟು ನೀರು ಕುಡ್ದವ್ರೆ. ಮಹಾಲಿಂಗಯ್ನೋರ ಮಗ ನಿನ್ ವಾರಗೆಯೋನು, ಅವನೂ ಅದೇ ಹಾಲು ಕುಡ್ದಿದ್ದು. ಸುಮ್ನಿರೋದಾದ್ರೆ ಸುಮ್ನಿರು. ಹೇಳೋದಾದ್ರೆ ಪೂರ್ತಿ ಹೇಳು.”

ಅವನು ಸುಮ್ಮನಿರಬಹುದಿತ್ತು. ಅವಳೂ ತಪ್ಪು ತಿಳಿಯುತ್ತಿರಲಿಲ್ಲ. ಮನೆಗೆ ಬಂದವನು ಅರುಣಾಳ ಮುಂದೆ ಎಲ್ಲ ಹೇಳಿಕೊಂಡ. ಅವಳು ಕೇಳಿಸಿಕೊಂಡು, “ಅರ್ಧ ಹೇಳಿ ಆಗಿರೋ ಅನಾಹುತ ಸಾಲ್ದಾ ನಿಮಗೆ?” ಎಂದಳು. ಆ ಮಾತು ಅವನಿಗೆ ನಾಟಿತು.

ಮರುದಿನ ಕ್ಲಾಸಿನಲ್ಲಿ ತಿಮ್ಮೇಶನಿಗೆ ಮೊಬೈಲು ಹಿಡಿಯಲು ಹೇಳಿದ. ಬೋರ್ಡಿನ ಮೇಲೆ ಹಳೆಯ ಲೆಕ್ಕವನ್ನೇ ಬರೆದ. ಕಲ್ಲಮ್ಮನ ಬಳಿ ಎರಡು ಲೀಟರ್ ಹಾಲು, ಅರ್ಧ ಲೀಟರ್ ನೀರು ಹಾಕಿದಳು, ಅಸಲು ರೇಟಿಗೇ ಮಾರಿದಳು. ಲಾಭ ಎಷ್ಟು?

“ಇಪ್ಪತ್ತೈದು ಪರ್ಸೆಂಟ್ ಸರ್.” ನಗುತ್ತಲೇ ಕೂಗಿದರು.

“ತಪ್ಪು,” ಎಂದ ಸಂಗಮೇಶ.

ಕ್ಲಾಸು ತಬ್ಬಿಬ್ಬಾಯಿತು. ಮೇಷ್ಟ್ರು ಹೇಳಿಕೊಟ್ಟ ಉತ್ತರವೇ ತಪ್ಪೇ?

“ಹಸು ಕೊಟ್ಟಿದ್ದು ಎರಡೂವರೆ ಲೀಟರ್. ಅವಳು ಮಾರಿದ್ದೂ ಎರಡೂವರೆ. ನೀರು ಹಾಕದೆ ಮಾರಿದ್ರೂ ಅಷ್ಟೇ ದುಡ್ಡು ಬರೋದು. ಈಗ ಹೇಳಿ.”

ಪೆನ್ನುಗಳು ಓಡಿದವು. ಮೋನಿಕಾ ಮೊದಲು ತಲೆ ಎತ್ತಿದಳು. “ಲಾಭ ಸೊನ್ನೆ ಸರ್. ಆದ್ರೆ ಆ ಇನ್ನರ್ಧ ಲೀಟ್ರು ಹಾಲು ಎಲ್ಲೋಯ್ತು?”

ಅವನು ಕಾಯುತ್ತಿದ್ದುದು ಈ ಪ್ರಶ್ನೆಗೇ. ಚಾಕ್‌ಪೀಸು ಕೆಳಗಿಟ್ಟು ಹೇಳಿದ. ಟೈಫಾಯಿಡ್ ಬಂದ ಹುಡುಗ, ಕೊಬ್ಬರಿ ಮಂಡಿಯ ತಾಯಿ, ಐದು ಮನೆ, ಮುಚ್ಚಿದ ಸೆರಗು, ಎಲ್ಲ ಹೇಳಿ, “ಆ ಹುಡುಗ ನಾನೇ” ಎಂದ. “ಮೋಸ ಆಗಿದ್ದು ಆ ಐದು ಮನೆಗೆ. ಲಾಭ ಆಗಿದ್ದು ನಂಗೆ. ಇಷ್ಟು ವರ್ಷ ನಿಮ್ಮನ್ನೆಲ್ಲ ನಗ್ಸಿದ್ದು ಅವಳ ಹೆಸರಲ್ಲಿ. ಕಲ್ಲಮ್ಮ ಸಿಕ್ಕಾಕೊಂಡಿಲ್ಲ. ಸಿಕ್ಕಾಕೊಂಡಿರೋನು ನಾನು.” ಯಾರೂ ನಗಲಿಲ್ಲ. ಮೋನಿಕಾ ತಲೆ ತಗ್ಗಿಸಿ ಕೂತಿದ್ದಳು.

ಈ ವಿಡಿಯೋ ಹಳೆಯದರಷ್ಟು ಓಡಲಿಲ್ಲ, ಅದಕ್ಕೆ ತಮಟೆ ಹಾಕುವವರು ಯಾರೂ ಸಿಗಲಿಲ್ಲ. ಆದರೆ ಗುಬ್ಬಿಯ ಆ ಬೀದಿಗೆ ತಲುಪಿತು. ಕೆಲವರು “ನೋಡಿದ್ರಾ, ಹಾಕ್ತಿದ್ದಿದ್ದು ನಿಜಾನೇ” ಎಂದು ಪ್ಯಾಕೆಟ್ಟಿಗೇ ಅಂಟಿಕೊಂಡರು. ಮೋನಿಕಾಳ ಚಿಕ್ಕಮ್ಮ ಏನೂ ಹೇಳದೆ ಹೋಗಿ ಹಾಲು ಗೊತ್ತು ಮಾಡಿ ಬಂದಳಂತೆ. ಮಹಾಲಿಂಗಯ್ಯ ಸಂಗಮೇಶನಿಗೆ ಫೋನ್ ಮಾಡಿದರು.

“ನಾಳೆಯಿಂದ ಹಾಲು ತಗೋತೀವಿ. ಆದ್ರೆ ಹಸೂನ ನಮ್ ಬಾಗ್ಲಿಗೇ ತರ್ಬೇಕು. ನನ್ ಕಣ್ಮುಂದೆ ಕರೀಬೇಕು. ನೀನೂ ಬಂದು ನಿಂತ್ಕೋಬೇಕು.”

ನಲವತ್ತು ವರ್ಷ ಕಣ್ಣು ಮುಚ್ಚಿ ಪಾತ್ರೆ ಒಡ್ಡಿದ ಬೀದಿಯಲ್ಲಿ ಈಗ ಕಣ್ಣು ಬಿಟ್ಟು ಕಾವಲು ನಿಲ್ಲುತ್ತೇನೆನ್ನುವ ಮಾತು. ಕಲ್ಲಮ್ಮನಿಗೆ ಇದನ್ನು ಹೇಗೆ ಹೇಳಲಿ ಎಂದು ಸಂಗಮೇಶ ಒದ್ದಾಡಿದ. ಅವಳು, “ಕೇಳೋದು ನ್ಯಾಯ್ವಾಗೈತೆ,” ಎಂದಷ್ಟೇ ಅಂದಳು.

ಬೆಳಗ್ಗೆ ಮಹಾಲಿಂಗಯ್ಯನ ಬಾಗಿಲಲ್ಲಿ ಹಸು ನಿಂತಿತ್ತು. ಕಲ್ಲಮ್ಮ ಕುಕ್ಕರಗಾಲಲ್ಲಿ ಕೂತು, ಖಾಲಿ ಪಾತ್ರೆಯನ್ನು ಮೊದಲು ಬೋರಲು ಮಾಡಿ ತೋರಿಸಿ, ಆಮೇಲೆ ಮೊಣಕಾಲ ನಡುವೆ ಇಟ್ಟುಕೊಂಡಳು. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಹಾಲು ಸರಸರನೆ ಬೀಳತೊಡಗಿತು. ಮಹಾಲಿಂಗಯ್ಯ ಮಾತ್ರ ಪಾತ್ರೆಯ ಕಡೆ ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ಸಂಗಮೇಶನ ಚಪ್ಪಲಿಯಿಂದ ಶುರುವಾಗಿ ನಿಧಾನವಾಗಿ ಮೇಲೆ ಹತ್ತಿ ನೆತ್ತಿಯವರೆಗೆ ಹೋಯಿತು.

“ನಮ್ ಹುಡ್ಗ ಐದಡಿ ಎರಡಿಂಚಿಗೇ ನಿಂತೋದ,” ಎಂದರು. “ಯಾಕೆ ಅಂತ ಇಷ್ಟು ವರ್ಷ ಗೊತ್ತಾಗಿರ್ಲಿಲ್ಲ.”

ಕಲ್ಲಮ್ಮ ಹಸುವಿನ ಹೊಟ್ಟೆಗೆ ಹಣೆ ಆನಿಸಿ, ಮೈ ಅಲುಗುವಂತೆ ನಗತೊಡಗಿದಳು. ಎದುರು ಮನೆಯ ಹೆಂಗಸರೂ ನಕ್ಕರು. ಮಹಾಲಿಂಗಯ್ಯ ನಗಲಿಲ್ಲ, ತಾವೇ ಬಗ್ಗಿ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಸಂಗಮೇಶ ನಡುಬೀದಿಯಲ್ಲಿ ಅಷ್ಟುದ್ದ ನಿಂತಿದ್ದ, ಆ ಐದು ಮನೆಯ ಹಾಲನ್ನು ಮೈತುಂಬ ಹೊತ್ತುಕೊಂಡು, ಅದನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯದೆ.